ಮಾನಿಟರ್ 171 ಯೂನಿಟ್ ಅನ್ನುತ್ತದೆ, ಮೀಟರ್ 226 ಅನ್ನುತ್ತದೆ. ಯಾವ ಕಾಟಾ ನಂಬಬೇಕು?

ದಾಲ್‌ಮಿಲ್ ಲೆಕ್ಕದವಳು, ಕಲಬುರಗಿ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಚಹಾ ಇಟ್ಟುಕೊಂಡು ಓದಿ.

ನಾನು ಕಪನೂರ ಕಡೆ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಹದಿನಾರು ವರ್ಷ ಆಯಿತು. ತೊಗರಿ ಒಳಗೆ ಬರುವಾಗ ಒಂದು ತೂಕ, ಬೇಳೆ ಹೊರಗೆ ಹೋಗುವಾಗ ಒಂದು ತೂಕ. ಎರಡು ಕಾಟಾ ಎರಡು ಮಾತು ಹೇಳಿದರೆ ನನಗೆ ರಾತ್ರಿ ನಿದ್ದೆ ಬರುವುದಿಲ್ಲ. ಈಗ ಮನೆಯಲ್ಲೇ ಅಂಥದ್ದೊಂದು ಬಂದು ಕೂತಿದೆ.

ಮನೆ ಬ್ರಹ್ಮಪುರದಲ್ಲಿ. ಅಪ್ಪ ಕಟ್ಟಿಸಿದ ಮನೆ, ಶಹಾಬಾದ್ ಫರಸಿ ನೆಲ. ಕೆಳಗೆ ನಾನು ಮತ್ತು ಅವ್ವ. ಮೇಲೆ ಬಾಡಿಗೆಗೆ ಒಬ್ಬ ಮಾಸ್ತರ್, ಅವರ ಹೆಂಡತಿ. ಎರಡು ಮನೆಗೂ ಬೇರೆ ಬೇರೆ ಮೀಟರ್, ಹೊರಗಿನ ಗೋಡೆ ಮೇಲೆ ಅಕ್ಕಪಕ್ಕ ಇವೆ. ನಮ್ಮಲ್ಲಿ ಇನ್ವರ್ಟರ್ ಇಲ್ಲ, ಎಸಿ ಇಲ್ಲ. ಒಂದು ಕೂಲರ್, ಒಂದು ಫ್ರಿಜ್, ಮೂರು ಫ್ಯಾನ್, ಟಿವಿ, ಮಿಕ್ಸರ್, ವಾರಕ್ಕೆ ಮೂರು ಸಲ ನೀರಿನ ಮೋಟರ್. ಅಷ್ಟೇ.

ಮಾರ್ಚ್‌ನಲ್ಲಿ ಅಣ್ಣನ ಮಗ ಬಂದಾಗ ಕರೆಂಟ್ ಮಾನಿಟರ್ ಒಂದನ್ನು ಹಾಕಿಕೊಟ್ಟ. ಡಿಬಿ ಬಾಕ್ಸ್, ಅಂದರೆ ಮನೆಯ ಮೇನ್ ಸ್ವಿಚ್‌ಗಳ ಪೆಟ್ಟಿಗೆ, ಅದರ ಒಳಗೆ ಮೇನ್ ಫೇಸ್ ವೈರಿಗೆ ಬಳೆಯ ಹಾಗೆ ಒಂದು ಕ್ಲಾಂಪ್, ಪಕ್ಕದಲ್ಲಿ ಒಂದು ಚಿಕ್ಕ ಡಬ್ಬಿ, ಫೋನಿನಲ್ಲಿ ಆ್ಯಪ್. ಏಪ್ರಿಲ್ 1ರಂದು ಬೆಳಿಗ್ಗೆ ಬಿಲ್ ಹುಡುಗ ರೀಡಿಂಗ್ ತೆಗೆದ. ಅದೇ ಹೊತ್ತಿಗೆ ಮಾನಿಟರ್ ನೋಡಿ ಹಾಲಿನ ಲೆಕ್ಕದ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಂಡೆ. ಮೇ 1ರಂದು ಮತ್ತೆ ಹಾಗೇ ಮಾಡಿದೆ. ಹಾಗಾಗಿ "ತಾರೀಖು ಹೆಚ್ಚುಕಡಿಮೆ ಆಗಿರಬೇಕು" ಅಂತ ದಯವಿಟ್ಟು ಯಾರೂ ಹೇಳಬೇಡಿ.

ಮೀಟರ್ 226. ಮಾನಿಟರ್ 171. ಫರಕು 55.

ಈ 55 ನನಗೆ ಯಾಕೆ ಉರಿಯುತ್ತದೆ ಅಂದರೆ ಗೃಹಜ್ಯೋತಿ. 200 ದಾಟಿದರೆ ಪೂರ್ತಿ ಬಿಲ್ ನಮ್ಮ ತಲೆ ಮೇಲೆ. 171 ಆಗಿದ್ದರೆ ನಮಗೆ ಗೊತ್ತುಮಾಡಿದ ಪುಕ್ಕಟೆ ಯೂನಿಟ್‌ಗಿಂತ ಜಾಸ್ತಿ ಆದದ್ದಕ್ಕೆ ಮಾತ್ರ ಕಟ್ಟುತ್ತಿದ್ದೆ. ಮೀಟರ್ ಜೋರಾಗಿ ಓಡುತ್ತಿದೆಯೋ, ಮಾನಿಟರ್ ಸುಳ್ಳು ಹೇಳುತ್ತಿದೆಯೋ? ಇಂಥ ಡಬ್ಬಿಗಳು ಎಷ್ಟರ ಮಟ್ಟಿಗೆ ನಿಜ ಹೇಳುತ್ತವೆ? ಬಲ್ಲವರು ತಿಳಿಸಿ.

ಬ್ರೆಡ್‌ಬೋರ್ಡ್ ಬಾಬು, ಬೀದರ್:

ಅಕ್ಕಾ, ಮೊದಲು ಒಂದು ಮಾತು. ಅಗ್ಗದ ಮಾನಿಟರ್‌ಗಳು ತಪ್ಪುವುದು ಸಾಮಾನ್ಯ. ಆದರೆ ಅವು ತಪ್ಪಿದಾಗ ಹೆಚ್ಚಾಗಿ ಜಾಸ್ತಿ ತೋರಿಸುತ್ತವೆ, ಕಡಿಮೆ ಅಲ್ಲ. ನಿಮ್ಮದು ಉಲ್ಟಾ ಇದೆ. ಅಲ್ಲೇ ನನಗೆ ಅನುಮಾನ.

ಯಾಕೆ ಅಂದರೆ, ಕ್ಲಾಂಪ್‌ಗೆ ಗೊತ್ತಾಗುವುದು ಆಂಪಿಯರ್ ಮಾತ್ರ. ವೋಲ್ಟೇಜ್ ಅಳೆಯದ ಮಾನಿಟರ್ ಸುಮ್ನೆ 230 ಅಂತ ಹಿಡಿದು ಗುಣಿಸುತ್ತದೆ. ನಮ್ಮ ಕಡೆ ಬೇಸಿಗೆ ಸಂಜೆ 205ಕ್ಕೆ ಇಳಿಯುತ್ತದೆ. ಆಗ ಅದು ಸುಮಾರು ನೂರಕ್ಕೆ 12ರಷ್ಟು ಜಾಸ್ತಿ ಹೇಳುತ್ತದೆ. ಇನ್ನೊಂದು ಪವರ್ ಫ್ಯಾಕ್ಟರ್. ಫ್ರಿಜ್, ಕೂಲರ್, ಮೋಟರ್ ಇವೆಲ್ಲ ಎಳೆಯುವ ಕರೆಂಟ್ ಅಷ್ಟೂ ಕೆಲಸಕ್ಕೆ ಬರುವುದಿಲ್ಲ. ಮೀಟರ್ ನಿಜವಾದ ವ್ಯಾಟ್ ಮಾತ್ರ ಎಣಿಸುತ್ತದೆ. ಬರೀ ಕ್ಲಾಂಪ್ ಇರುವ ಮಾನಿಟರ್ ವೋಲ್ಟ್ ಆಂಪಿಯರ್ ಗುಣಿಸಿ ಅದನ್ನೇ ವ್ಯಾಟ್ ಅಂದುಬಿಡುತ್ತದೆ. ನಾನು ಮೊದಲು ತಂದ ಪ್ಲಗ್ ಮಾನಿಟರ್‌ಗೆ 9 ವ್ಯಾಟ್ ಎಲ್‌ಇಡಿ ಬಲ್ಬ್ ಹಾಕಿದರೆ 15 ಅಂತ ತೋರಿಸುತ್ತಿತ್ತು.

ಈಗ ನನ್ನದು ನಾನೇ ಜೋಡಿಸಿದ್ದು, ಪಿಝೆಮ್-004ಟಿ ಅನ್ನೋ ಮಾಡ್ಯೂಲ್. ಅದು ವೋಲ್ಟೇಜನ್ನೂ ಅಳೆಯುತ್ತದೆ. ತಯಾರಕರು ಹೇಳುವುದು 0.5 ಪರ್ಸೆಂಟ್. 100 ಆಂಪಿಯರ್ ಕ್ಲಾಂಪ್‌ನಲ್ಲಿ ವೈಫೈ ಡಬ್ಬಿಯಂಥ ಚಿಲ್ಲರೆ ಲೋಡ್ ಅಳೆಯುವುದು ಅಂದರೆ ಲಾರಿ ಕಾಟಾ ಮೇಲೆ ಕೊತ್ತಂಬರಿ ತೂಗಿದ ಹಾಗೆ. ಚಿಕ್ಕ ಲೋಡ್ ಒಂದನ್ನೇ ನೋಡಬೇಕಾದರೆ ಅದರ ಫೇಸ್ ವೈರನ್ನು ಕ್ಲಾಂಪ್ ಒಳಗಿನಿಂದ ಐದು ಸುತ್ತು ಹಾಯಿಸಿ, ಬಂದ ಅಂಕಿಯನ್ನು ಐದರಿಂದ ಭಾಗಿಸುತ್ತೇನೆ.

ಕಡಿಮೆ ತೋರಿಸಲು ನನಗೆ ಗೊತ್ತಿರುವ ಕಾರಣ ಮೂರು. ಕ್ಲಾಂಪ್ ಪೂರ್ತಿ ಮುಚ್ಚಿಲ್ಲ. ಅದರ ಎರಡು ಮುಖಗಳ ನಡುವೆ ಧೂಳು, ಸುಣ್ಣದ ಪುಡಿ ಇದ್ದರೂ ಸಾಕು, ಅಳತೆ ಬೀಳುತ್ತದೆ. ಎರಡು, ನೀರಿನ ಮೋಟರ್ ಲೈನು ಕ್ಲಾಂಪ್‌ಗಿಂತ ಮೊದಲೇ ಕವಲೊಡೆದು ಹೋಗಿದೆ. ಮೂರು, ಡಬ್ಬಿಯೇ ಕೆಟ್ಟಿದೆ. ನಿಮ್ಮ ಆ್ಯಪ್‌ನಲ್ಲಿ ವೋಲ್ಟೇಜ್ ಕಾಣಿಸುತ್ತದಾ?

ಸುರಪುರ ಸವಾರ, ಯಾದಗಿರಿ:

ನಮ್ಮ ಮನೆಯಲ್ಲಿ ಎಲೆಕ್ಟ್ರಿಷಿಯನ್ ಕ್ಲಾಂಪನ್ನು ಫೇಸ್, ನ್ಯೂಟ್ರಲ್ ಎರಡಕ್ಕೂ ಸೇರಿಸಿ ಹಾಕಿದ್ದ. ಫೇಸಿನಲ್ಲಿ ಹೋಗುವ ಕರೆಂಟ್, ನ್ಯೂಟ್ರಲ್‌ನಲ್ಲಿ ವಾಪಸ್ ಬರುವ ಕರೆಂಟ್ ಎರಡೂ ಒಂದಕ್ಕೊಂದು ಹೊಡೆದು ಸೊನ್ನೆ. ನಾಲ್ಕು ದಿನ ಮಾನಿಟರ್ 0 ತೋರಿಸಿತು. ನಾನು ಗೃಹಜ್ಯೋತಿ ಇಷ್ಟು ಚಲೋ ಕೆಲಸ ಮಾಡುತ್ತದೆ ಅಂದುಕೊಂಡೆ.

ಅದಿರಲಿ. ಅಕ್ಕಾರ, ನೇರ ಹೇಳುತ್ತೇನೆ, ಬೇಜಾರಾಗಬೇಡಿ. ಮೇಲಿನವರು ನಿಮ್ಮ ಲೈನಿನಿಂದ ಕರೆಂಟ್ ಎಳೆಯುತ್ತಿದ್ದಾರೆ. 55 ಯೂನಿಟ್ ಗಾಳಿಗೆ ಹೋಗುವುದಿಲ್ಲ.

ದಾಲ್‌ಮಿಲ್ ಲೆಕ್ಕದವಳು:

ಬಾಬು ಅವರೇ, ವೋಲ್ಟೇಜ್ ಕಾಣಿಸುತ್ತದೆ. ಬೆಳಿಗ್ಗೆ 215ರ ಸುತ್ತ, ಸಂಜೆ 205ಕ್ಕೆ ಇಳಿಯುತ್ತದೆ. ಪವರ್ ಫ್ಯಾಕ್ಟರ್ ಅಂತಲೂ ಒಂದು ಅಂಕಿ ಇದೆ, 0.8 ಹತ್ತಿರ ಆಡುತ್ತಿರುತ್ತದೆ. ಕ್ಲಾಂಪ್ ಬಿಚ್ಚಿಸಿ, ಒರೆಸಿ, ಟಕ್ ಅನ್ನುವ ಹಾಗೆ ಮುಚ್ಚಿಸಿದೆ. ಮೋಟರ್ ಹಾಕಿದರೆ ಆ್ಯಪ್‌ನಲ್ಲಿ ತಟ್ಟನೆ ಏರುತ್ತದೆ. ಅಂದರೆ ಅದೂ ಕ್ಲಾಂಪ್ ದಾಟಿಯೇ ಹೋಗುತ್ತಿದೆ.

ಮಿಲ್‌ನಲ್ಲಿ ಕಾಟಾ ಮೇಲೆ ಅನುಮಾನ ಬಂದರೆ ತೂಕದ ಕಲ್ಲು ಇಟ್ಟು ನೋಡುತ್ತೇವೆ. ಇಲ್ಲಿ ಕಲ್ಲು ಯಾವುದು ಅಂತ ಯೋಚಿಸಿ, ನೀರು ಕಾಯಿಸುವ ರಾಡ್ ತೆಗೆದೆ. ಅದರಲ್ಲಿ ಮೋಟರ್ ಇಲ್ಲ, ತಾನಾಗಿ ಬಂದ್ ಆಗಿ ಚಾಲೂ ಆಗುವ ಸ್ವಿಚ್ ಇಲ್ಲ, ಒಂದೇ ಸಮ ಎಳೆಯುತ್ತದೆ. ನಮ್ಮ ಮೀಟರ್ ಮುಖದ ಮೇಲೆ "3200" ಅಂತ ಬರೆದಿದೆ. ಒಂದು ಯೂನಿಟ್‌ಗೆ ಕೆಂಪು ದೀಪ 3200 ಸಲ ಮಿಣುಕಬೇಕು. ಹಾಗಾದರೆ 100 ಮಿಣುಕಿಗೆ ಎಷ್ಟು ಸೆಕೆಂಡ್ ಅಂತ ನೋಡಿ, 1,12,500ನ್ನು ಅದರಿಂದ ಭಾಗಿಸಿದರೆ ವ್ಯಾಟ್ ಬರುತ್ತದೆ. ಲೆಕ್ಕ ಬೇಕಾದರೆ ನೀವೂ ಮಾಡಿ ನೋಡಿ.

ನಿನ್ನೆ ಬೆಳಿಗ್ಗೆ ಏಳಕ್ಕೆ ಫ್ರಿಜ್ ಸಮೇತ ಎಲ್ಲ ಬಂದ್ ಮಾಡಿ ರಾಡ್ ಮತ್ತು ಮಾನಿಟರ್ ಮಾತ್ರ ಇಟ್ಟೆ. ಮೀಟರ್ ಮುಂದೆ ಅವ್ವ ಕುರ್ಚಿ ಹಾಕಿಕೊಂಡು ಕೂತಳು. ಮಡಿಲಲ್ಲಿ ತೊಗರಿ ಕಾಳು. ಹತ್ತು ಮಿಣುಕಿಗೆ ಒಂದು ಕಾಳು ತಾಟಿಗೆ. ನಾನು ಫೋನಿನಲ್ಲಿ ಸೆಕೆಂಡ್ ಹಿಡಿದೆ. ಹತ್ತು ಕಾಳಿಗೆ 86 ಸೆಕೆಂಡ್, ಅಂದರೆ 1308 ವ್ಯಾಟ್. ಅದೇ ಹೊತ್ತಿಗೆ ಮಾನಿಟರ್ 1316. ನೂರಕ್ಕೆ ಒಂದು ಫರಕೂ ಇಲ್ಲ!

ರಾಡ್ ಮೇಲೆ 1500 ವ್ಯಾಟ್ ಅಂತ ಇದೆಯಲ್ಲ ಅಂತ ಅವ್ವ ಕೇಳಿದಳು. ಅದು 230 ವೋಲ್ಟ್ ಇದ್ದಾಗಿನ ಮಾತು. 215ಕ್ಕೆ ಇಳಿದರೆ ರಾಡ್ ಕೂಡ ಸುಮಾರು 1310ಕ್ಕೆ ಇಳಿಯುತ್ತದೆ. ಸರಿಯಾಗಿ ಕೂತಿತು.

ಈಗ ತಲೆ ಇನ್ನೂ ಕೆಟ್ಟಿದೆ. ಎರಡೂ ಕಾಟಾ ಸರಿ ಇದ್ದರೆ 55 ಯೂನಿಟ್ ಎಲ್ಲಿಗೆ ಹೋಯಿತು?

ಸುರಪುರದವರೇ, ಮಾಸ್ತರ್ ಅಂಥವರಲ್ಲ. ಆದರೂ ನಿಮ್ಮ ಮಾತು ಓದಿದ ಮೇಲೆ ಎರಡು ದಿನ ಅವರ ಮುಖ ನೋಡುವಾಗ ಒಂಥರಾ ಆಯಿತು. ಸುಮ್ನೆ ಹೇಳುತ್ತಿದ್ದೇನೆ.

ಹಳೇ ಮೀಟರ್, ಕಲಬುರಗಿ:

ತಂಗೀ, ನಾನು ಮೀಟರ್ ಟೆಸ್ಟಿಂಗ್ ಕೆಲಸದಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವನು. ನೀವು ಕಾಳು ಎಣಿಸಿದ ರೀತಿ ನೋಡಿ ಖುಷಿಯಾಯಿತು. ನಾವೂ ಮಾಡುತ್ತಿದ್ದದ್ದು ಅದನ್ನೇ, ಯಂತ್ರ ದೊಡ್ಡದಿತ್ತು ಅಷ್ಟೇ.

ನಿಮ್ಮ ಮೀಟರ್ ಮೇಲೆ "ಕ್ಲಾಸ್ 1" ಅಂತ ಇರಬೇಕು, ನೋಡಿ. ಅಂದರೆ ನೂರಕ್ಕೆ ಒಂದರ ಆಚೀಚೆ. 226ರಲ್ಲಿ ಅದು ಎರಡು ಯೂನಿಟ್ ಆಯಿತು. 55 ಅಲ್ಲ. ಅರ್ಜಿ ಕೊಟ್ಟು ಫೀ ಕಟ್ಟಿದರೆ ಮೀಟರ್ ಪರೀಕ್ಷೆ ಮಾಡುತ್ತಾರೆ. ಆದರೆ ನಿಮ್ಮ ಮೀಟರ್ ಪಾಸಾಗುತ್ತದೆ, ಈಗಲೇ ಹೇಳುತ್ತೇನೆ.

ನೀವು ಪರೀಕ್ಷೆ ಮಾಡಿದ್ದು ಬೆಳಿಗ್ಗೆ ಏಳಕ್ಕೆ. ಅದೇ ಕೆಲಸ ರಾತ್ರಿ ಹನ್ನೊಂದಕ್ಕೆ ಮಾಡಿ. ಡಿಬಿ ಒಳಗಿನ ಚಿಕ್ಕ ಸ್ವಿಚ್‌ಗಳು, ಅಂದರೆ ಎಂಸಿಬಿ, ಎಲ್ಲ ಇಳಿಸಿ, ಆದರೆ ಮೇನ್ ಸ್ವಿಚ್ ಮುಟ್ಟಬೇಡಿ. ಹೊರಗೆ ಬಂದು ಎರಡು ವಿಷಯ ನೋಡಿ. ಮನೆ ಪೂರ್ತಿ ಕತ್ತಲಾದ ಮೇಲೂ ಕೆಂಪು ದೀಪ ಮಿಣುಕುತ್ತದಾ? ಮೀಟರ್ ಮೇಲೆ "ಅರ್ಥ್" ಅಥವಾ "ಇ" ಅಂತ ಇನ್ನೊಂದು ದೀಪ ಹತ್ತಿದೆಯಾ?

ಇನ್ನೂ ಒಂದು ಪ್ರಶ್ನೆ. ನಿಮ್ಮ ಡಿಬಿಯಲ್ಲಿ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್, ಇದೆಯಾ? ಮೊದಲು ಇದ್ದು ಯಾರಾದರೂ ತೆಗೆದರಾ?

ದಾಲ್‌ಮಿಲ್ ಲೆಕ್ಕದವಳು:

ಸರ್, ಕೊನೆಯ ಪ್ರಶ್ನೆ ಓದಿ ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಆರ್‌ಸಿಸಿಬಿ ಇತ್ತು. ಮಾರ್ಚ್ ಮೊದಲ ವಾರ ದಿನಕ್ಕೆ ನಾಲ್ಕು ಸಲ ಬೀಳತೊಡಗಿತು. ಎಲೆಕ್ಟ್ರಿಷಿಯನ್ ಬಂದು, "ಇದು ವೀಕ್ ಆಗ್ಯಾದ್ರಿ, ಸುಮ್ನ ಟ್ರಿಪ್ ಆಗ್ತದ" ಅಂತ ಹೇಳಿ ತೆಗೆದು, ಆ ಜಾಗದಲ್ಲಿ ಸಾದಾ ಸ್ವಿಚ್ ಹಾಕಿ ಹೋದ. ನಿಮಗೆ ಹೇಗೆ ಗೊತ್ತಾಯಿತು?

ರಾತ್ರಿ ಮಾಡಿದ್ದು ಕೇಳಿ. ಅವ್ವನಿಗೆ ಬೀಸಣಿಗೆ ಕೊಟ್ಟು ಹೊರಗೆ ಕೂರಿಸಿದೆ. ಕಲಬುರಗಿ ಮೇ ತಿಂಗಳು, ಹನ್ನೊಂದಾದರೂ ಗೋಡೆ ಮುಟ್ಟಿದರೆ ಬಿಸಿ. ಎಂಸಿಬಿ ಒಂದೊಂದಾಗಿ ಎಲ್ಲ ಇಳಿಸಿದೆ. ಮನೆ ಕತ್ತಲು, ಮಾನಿಟರ್ ಕೂಡ ಸತ್ತಿತು. ಹೊರಗೆ ಬಂದು ಮೀಟರ್ ಮುಂದೆ ನಿಂತೆ. ಏನೂ ಇಲ್ಲ. ನಾನು ಅವ್ವನ ಕಡೆ ತಿರುಗುವಷ್ಟರಲ್ಲಿ, ಮಿಣುಕ್. ಮತ್ತೆ ಕತ್ತಲು. ಒಂದು, ಎರಡು, ಮೂರು, ನಾಲ್ಕು, ಐದು, ಆರು. ಮಿಣುಕ್. ಅದರ ಪಕ್ಕದಲ್ಲಿ ಇನ್ನೊಂದು ಪುಟ್ಟ ದೀಪ, ಅದು ಮಿಣುಕುವುದಿಲ್ಲ, ಹತ್ತಿಕೊಂಡೇ ಇದೆ. ಅದರ ಕೆಳಗೆ "ಇ" ಅಕ್ಷರ. ಇಷ್ಟು ವರ್ಷ ಆ ಮೀಟರ್ ಮುಂದೆ ಓಡಾಡಿದ್ದೇನೆ, ಒಮ್ಮೆಯೂ ನೋಡಿಲ್ಲ.

ಹತ್ತು ಮಿಣುಕಿಗೆ 62 ಸೆಕೆಂಡ್. ಲೆಕ್ಕ ಹಾಕಿದರೆ 181 ವ್ಯಾಟ್. ಕತ್ತಲಾದ ಮನೆಯಲ್ಲಿ 181 ವ್ಯಾಟ್ ಯಾರು ತಿನ್ನುತ್ತಿದ್ದಾರೆ?

ನೀವು ಮೇನ್ ಮುಟ್ಟಬೇಡಿ ಅಂದಿದ್ದಿರಿ. ತಪ್ಪಾಯಿತು, ಮುಟ್ಟಿದೆ. ಇಳಿಸಿದ ತಕ್ಷಣ ಮೇಲಿನಿಂದ ಮಾಸ್ತರ್ ಹೆಂಡತಿ ಕೂಗಿದರು: "ಅಕ್ಕಾರ, ಲೈಟ್ ಅದಾವ, ಫ್ಯಾನ್ ಅದ, ಕೂಲರ್ ಒಂದೇ ಬಂದ್ ಆಯ್ತ್ ನೋಡ್ರಿ!"

ನನ್ನ ಮೇನ್ ಇಳಿಸಿದರೆ ಅವರ ಕೂಲರ್ ನಿಲ್ಲುತ್ತದೆ. ಅದಕ್ಕೆ ಅವರ ಮೀಟರ್‌ನಿಂದಲೇ ಕರೆಂಟ್ ಹೋಗುತ್ತದೆ ಅಂತ ಮಾಸ್ತರ್ ಆಣೆ ಮಾಡಿ ಹೇಳುತ್ತಾರೆ. ಅವರ ಬೋರ್ಡಿನ ಎಂಸಿಬಿ ಇಳಿಸಿದರೂ ಕೂಲರ್ ನಿಲ್ಲುತ್ತದೆ, ನಾನೇ ಕಣ್ಣಾರೆ ನೋಡಿದೆ. ಎರಡೂ ಹೇಗೆ ನಿಜ ಆಗುತ್ತದೆ ಸರ್?

ಹಳೇ ಮೀಟರ್:

ಎರಡೂ ನಿಜ. ಫೇಸ್ ಅವರದು, ನ್ಯೂಟ್ರಲ್ ನಿಮ್ಮದು.

ಆ ಕೂಲರ್ ಪಾಯಿಂಟ್ ಮಾರ್ಚ್‌ನಲ್ಲಿ ಹೊಸದಾಗಿ ಹಾಕಿಸಿದ್ದು ತಾನೇ? ಮೆಟ್ಟಿಲ ಹತ್ತಿರ ಇರಬೇಕು. ಮೆಟ್ಟಿಲ ಲೈಟ್ ನಿಮ್ಮ ಮೀಟರ್‌ನದು. ಎಲೆಕ್ಟ್ರಿಷಿಯನ್ ಹುಡುಗ ಫೇಸನ್ನು ಮೇಲಿನ ಬೋರ್ಡಿನಿಂದ ಎಳೆದಿದ್ದಾನೆ. ನ್ಯೂಟ್ರಲ್ ಎಳೆಯಲು ಸೋಮಾರಿತನ. ಕೈಗೆ ಸಿಕ್ಕ ಮೆಟ್ಟಿಲ ಲೈಟಿನ ಡಬ್ಬಿಯಿಂದ ಜೋಡಿಸಿದ್ದಾನೆ. ಹೀಗೆ ಮಾಡಿದ್ದನ್ನು ನಾನು ಲೆಕ್ಕವಿಲ್ಲದಷ್ಟು ಮನೆಗಳಲ್ಲಿ ನೋಡಿದ್ದೇನೆ.

ಈಗ ಮೀಟರ್ ವಿಷಯ. ನಮ್ಮಲ್ಲಿ ಹಾಕುವ ಎಲೆಕ್ಟ್ರಾನಿಕ್ ಮೀಟರ್ ಫೇಸ್, ನ್ಯೂಟ್ರಲ್ ಎರಡರ ಕರೆಂಟನ್ನೂ ನೋಡುತ್ತದೆ. ಯಾವುದು ಜಾಸ್ತಿಯೋ ಅದರ ಮೇಲೆ ಯೂನಿಟ್ ಬರೆಯುತ್ತದೆ. ಇದು ಕಳ್ಳತನ ತಡೆಯಲು ಮಾಡಿದ್ದು. ನ್ಯೂಟ್ರಲ್ ಬಿಟ್ಟು ಭೂಮಿಗೆ ಅರ್ಥ್ ಕೊಟ್ಟು ಮೀಟರ್ ನಿಲ್ಲಿಸುವ ಬುದ್ಧಿವಂತರು ಇದ್ದರು, ಅದಕ್ಕೆ. ನಿಮ್ಮ ಮನೆಯಲ್ಲಿ ಆದದ್ದು ಏನು? ಫೇಸಿನಲ್ಲಿ ನಿಮ್ಮ ಲೋಡ್ ಮಾತ್ರ ಹೋಯಿತು. ನ್ಯೂಟ್ರಲ್‌ನಲ್ಲಿ ನಿಮ್ಮದೂ, ಮೇಲಿನ ಕೂಲರ್‌ನದೂ ಸೇರಿ ವಾಪಸ್ ಬಂತು. ಕ್ಲಾಂಪ್ ಫೇಸಿಗೆ ಇತ್ತು, 171 ಅಂತ ಸತ್ಯ ಹೇಳಿತು. ಮೀಟರ್ ನ್ಯೂಟ್ರಲ್ ನೋಡಿ 226 ಬರೆಯಿತು. ಅದಕ್ಕೆ ಕಲಿಸಿದ್ದೇ ಹಾಗೆ.

181 ವ್ಯಾಟ್ ಕೂಲರ್ ದಿನಕ್ಕೆ ಹತ್ತು ತಾಸು, ಮೂವತ್ತು ದಿನ. ನೀವೇ ಗುಣಿಸಿ.

ಇನ್ನೊಂದು ಮಾತು ಸುರಪುರದ ತಮ್ಮನಿಗೆ. ಯಾರೂ ಕದ್ದಿಲ್ಲ. ಮೇಲಿನ ಮೀಟರ್‌ನಲ್ಲಿ ಫೇಸ್ ಕರೆಂಟ್ ಜಾಸ್ತಿ, ಹಾಗಾಗಿ ಅಲ್ಲಿಯೂ ಆ ಕೂಲರ್ ಪೂರ್ತಿ ಲೆಕ್ಕಕ್ಕೆ ಬಂದಿದೆ. ಒಂದೇ ಕೂಲರ್ ಎರಡು ಮೀಟರ್‌ನಲ್ಲಿ ಎಣಿಕೆ ಆಗಿದೆ. ಮಾಸ್ತರ್ ಕೂಡ ಕಟ್ಟಿದ್ದಾರೆ, ಪಾಪ.

ಆರ್‌ಸಿಸಿಬಿ ಕೆಟ್ಟಿರಲಿಲ್ಲ. ಹೋದ ಕರೆಂಟ್, ಬಂದ ಕರೆಂಟ್ ತಾಳೆ ಆಗದಿದ್ದರೆ ಬೀಳುವುದೇ ಅದರ ಕೆಲಸ. 30 ಮಿಲಿಆಂಪಿಯರ್ ಸಾಕು, ನಿಮ್ಮಲ್ಲಿ ಕೂಲರ್ ಪೂರ್ತಿ ಕರೆಂಟ್ ಆಚೀಚೆ ಆಗುತ್ತಿತ್ತು. ಅದು ಸತ್ಯ ಹೇಳಿತು, ನಿಮ್ಮ ಹುಡುಗ ಅದನ್ನೇ ಕೆಲಸದಿಂದ ತೆಗೆದ.

ಮೇನ್ ಮುಟ್ಟಬೇಡಿ ಅಂದದ್ದು ಯಾಕೆ ಅಂದರೆ, ನಿಮ್ಮ ಮೇನ್ ಫೇಸ್, ನ್ಯೂಟ್ರಲ್ ಎರಡನ್ನೂ ಕತ್ತರಿಸುತ್ತದೆ. ಆಗ ಮೇಲಿನ ಫೇಸ್ ಕೂಲರ್ ಮೂಲಕ ಇಳಿದು ನಿಮ್ಮ ಮನೆಯ ನ್ಯೂಟ್ರಲ್ ವೈರಿನಲ್ಲಿ ಬಂದು ನಿಲ್ಲುತ್ತದೆ. ಮೇನ್ ಬಂದ್ ಇದೆ ಅಂತ ಧೈರ್ಯವಾಗಿ ನ್ಯೂಟ್ರಲ್ ಮುಟ್ಟಿದವರು ಏಳುವುದಿಲ್ಲ. ನಾಳೆ ರಿಪೇರಿಗೆ ಬರುವವನಿಗೆ ಇದನ್ನು ಮೊದಲು ಹೇಳಿ. ಎರಡೂ ಮನೆಯ ಮೇನ್ ಇಳಿಸಿ, ಟೆಸ್ಟರ್ ಇಟ್ಟು ನೋಡಿಯೇ ಕೈ ಹಾಕಲಿ. ಬೇರೆ ಎಲೆಕ್ಟ್ರಿಷಿಯನ್ ಕರೆಯಿರಿ.

ಬ್ರೆಡ್‌ಬೋರ್ಡ್ ಬಾಬು:

ಸರ್, ಸಲಾಂ. ಮೀಟರ್ ನ್ಯೂಟ್ರಲ್ ಕೂಡ ನೋಡುತ್ತದೆ ಅನ್ನುವುದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಕ್ಲಾಂಪ್, ಕೋಡ್, ಕ್ಯಾಲಿಬ್ರೇಷನ್ ಅಂತ ನಾನು ಮೂರು ತಿಂಗಳು ನನ್ನ ಮನೆಯ 6 ಯೂನಿಟ್ ಫರಕಿನ ಹಿಂದೆ ಬಿದ್ದಿದ್ದೇನೆ. ಈಗಲೇ ಹೊರಗೆ ಹೋಗಿ "ಇ" ದೀಪ ನೋಡಿ ಬರುತ್ತೇನೆ.

ಬಂದೆ. ಹತ್ತಿದೆ.

ದಾಲ್‌ಮಿಲ್ ಲೆಕ್ಕದವಳು:

ಹದಿನೈದು ದಿನ ಬಿಟ್ಟು ಬಂದೆ, ಕ್ಷಮಿಸಿ. ಲೆಕ್ಕ ಪಕ್ಕಾ ಆದ ಮೇಲೆಯೇ ಬರೆಯೋಣ ಅಂತಿದ್ದೆ.

ಹೊಸ ಎಲೆಕ್ಟ್ರಿಷಿಯನ್ ಸ್ವಲ್ಪ ವಯಸ್ಸಾದವರು. ಮೊದಲು ಟಾಂಗ್ ಟೆಸ್ಟರ್, ಅಂದರೆ ಕೈಯಲ್ಲಿ ಹಿಡಿಯುವ ಕ್ಲಾಂಪ್ ಮೀಟರ್, ತೆಗೆದು ನಮ್ಮ ಫೇಸಿಗೆ ಹಾಕಿ ಓದಿದರು, ಆಮೇಲೆ ನ್ಯೂಟ್ರಲ್‌ಗೆ ಹಾಕಿ ಓದಿದರು. ಎರಡರ ಫರಕು ಒಂದು ಆಂಪಿಯರ್ ಹತ್ತಿರ. ಮೆಟ್ಟಿಲ ಲೈಟಿನ ಡಬ್ಬಿ ಬಿಚ್ಚಿದರು. ಹಳೇ ಕಪ್ಪು ವೈರಿನ ಜೊತೆ ಹೊಸ ಕಪ್ಪು ವೈರು ಹೊಸೆದು ಟೇಪ್ ಸುತ್ತಿತ್ತು. ಟೇಪ್ ಕೂಡ ಅರ್ಧ ಬಿಚ್ಚಿಕೊಂಡಿತ್ತು. ಸರ್ ಹೇಳಿದ ಜಾಗದಲ್ಲೇ. ಮೇಲಿನ ಬೋರ್ಡಿನಿಂದ ನ್ಯೂಟ್ರಲ್ ಎಳೆಯಲು ಬೇಕಾದದ್ದು ಒಂಬತ್ತು ಅಡಿ ವೈರು. ಅಷ್ಟಕ್ಕೆ ಇಷ್ಟು ರಾಮಾಯಣ.

ಹೊಸ ಆರ್‌ಸಿಸಿಬಿ ಕೂತಿದೆ, ಒಮ್ಮೆಯೂ ಬಿದ್ದಿಲ್ಲ. "ಇ" ದೀಪ ಆರಿದೆ. ಆಮೇಲೆ ಹತ್ತು ದಿನದ ಲೆಕ್ಕ: ಮೀಟರ್ 61.4, ಮಾನಿಟರ್ 60.8. ಮಿಲ್‌ನಲ್ಲಿ ಎರಡು ಕಾಟಾ ಇಷ್ಟು ಹತ್ತಿರ ಬಂದರೆ ಸೇಠ್‌ಜಿ ಪೇಢೆ ಹಂಚುತ್ತಾರೆ.

ಏಪ್ರಿಲ್ ಬಿಲ್ ಹೋದದ್ದು ಹೋಯಿತು. ಮೀಟರ್‌ನಿಂದ ಈಚೆಯ ವೈರಿಂಗ್ ನಮ್ಮದೇ, ಯಾರನ್ನು ಕೇಳೋಣ. ಮಾಸ್ತರ್ ಎಲೆಕ್ಟ್ರಿಷಿಯನ್ ಕೂಲಿಯಲ್ಲಿ ಅರ್ಧ ತಂದು ಕೊಟ್ಟರು. ಬೇಡ ಅನ್ನಬೇಕು ಅಂತಿದ್ದೆ. ಆದರೆ ಪಾಯಿಂಟ್ ಹಾಕಿಸಿದ್ದು ಅವರೇ ಅಲ್ವಾ, ತೆಗೆದುಕೊಂಡೆ. ಎರಡು ದಿನ ಅವರನ್ನು ಅನುಮಾನದಿಂದ ನೋಡಿದ್ದಕ್ಕೆ ಅವ್ವನ ಕೈಯಿಂದ ಹೋಳಿಗೆ ಮಾಡಿಸಿ ಕಳಿಸಿದೆ. ಕಾರಣ ಹೇಳಲಿಲ್ಲ.

ಹಳೇ ಮೀಟರ್:

ಒಳ್ಳೆಯದಾಯಿತು ತಂಗೀ. ಆರ್‌ಸಿಸಿಬಿ ಮೇಲೆ ಒಂದು ಟೆಸ್ಟ್ ಬಟನ್ ಇರುತ್ತದೆ. ಆಗಾಗ ಒತ್ತಿ ನೋಡಿ, ಬೀಳಬೇಕು.

ದಾಲ್‌ಮಿಲ್ ಲೆಕ್ಕದವಳು:

ಈಗಷ್ಟೇ ಒತ್ತಿದೆ ಸರ್. ಬಿತ್ತು. ಅವ್ವನ ಸೀರಿಯಲ್ ಕೂಡ ಬಿತ್ತು. ಒಳಗಿನಿಂದ ಬೈಗುಳ ಕೇಳಿಸುತ್ತಿದೆ, ಹೋಗುತ್ತೇನೆ.